ಆಫ್ರಿಕಾದಲ್ಲಿ ನೆಲೆ ತಪ್ಪಿದವರ ಲೆಕ್ಕ: 63 ಲಕ್ಷ ಎಂದರೆ ಯಾರು, ಎಣಿಸಿದವರು ಯಾರು?

ಅಂಕಿಮೇಷ್ಟ್ರು

ನಾನು ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಈ ಸಲದ ಅಭ್ಯಾಸಕ್ಕೆಂದು ಜಿನೀವಾದ ಆಂತರಿಕ ಸ್ಥಳಾಂತರ ನಿಗಾ ಕೇಂದ್ರವು 2024ರ ನವೆಂಬರಿನಲ್ಲಿ ಆಫ್ರಿಕಾ ಕುರಿತು ಪ್ರಕಟಿಸಿದ ವರದಿಯ ಅಂಕಿಗಳನ್ನು ತೆಗೆದುಕೊಂಡೆ. ನೆರೆ, ಚಂಡಮಾರುತ, ಬರ ಮೊದಲಾದ ವಿಕೋಪಗಳಿಂದಾದ ಸ್ಥಳಾಂತರ 2009ರಲ್ಲಿ 11 ಲಕ್ಷವಿದ್ದದ್ದು 2023ರಲ್ಲಿ 63 ಲಕ್ಷಕ್ಕೆ ಏರಿದೆ ಎಂದು ಅದರಲ್ಲಿದೆ. ಆದರೆ 2023ರ ಕೊನೆಗೆ ಇಡೀ ಖಂಡದಲ್ಲಿ ತಮ್ಮದೇ ದೇಶದೊಳಗೆ ನೆಲೆ ತಪ್ಪಿ ಬದುಕುತ್ತಿದ್ದ 3.5 ಕೋಟಿ ಜನರಲ್ಲಿ 3.25 ಕೋಟಿ ಮಂದಿ ಯುದ್ಧ ಮತ್ತು ಹಿಂಸಾಚಾರಗಳಿಂದ ಓಡಿಬಂದವರೆಂದೂ ಅದೇ ವರದಿ ಹೇಳುತ್ತದೆ. ಹಾಗಾದರೆ ವಿಕೋಪದ ಪಾಲಿಗೆ ಉಳಿಯುವುದು ಸುಮಾರು 25 ಲಕ್ಷ. 63 ಲಕ್ಷ ಜನ ಹೊರಟು 25 ಲಕ್ಷ ಜನ ಮಾತ್ರ ಹೊರಗುಳಿದರೆ ಮಿಕ್ಕವರೆಲ್ಲ ವರ್ಷದೊಳಗೆ ಮನೆ ಸೇರಿದರು ಎಂದು ವಿದ್ಯಾರ್ಥಿಗಳಿಗೆ ಹೇಳಬಹುದೇ? ಹೇಳಲು ಮನಸ್ಸು ಒಪ್ಪುತ್ತಿಲ್ಲ. ಕ್ಷೇತ್ರದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಪೂರ್ವದಂಡೆ

ಮೇಷ್ಟ್ರೇ, ಹಾಗೆ ಹೇಳಬೇಡಿ. ಆ 63 ಲಕ್ಷ ಜನರ ಸಂಖ್ಯೆಯಲ್ಲ, ಹೊರಡುವಿಕೆಗಳ ಸಂಖ್ಯೆ. ಐದು ಜನರ ಒಂದು ಕುಟುಂಬ ಏಪ್ರಿಲಿನ ನೆರೆಗೆ ಒಮ್ಮೆ, ನವೆಂಬರಿನ ನೆರೆಗೆ ಮತ್ತೊಮ್ಮೆ ಮನೆ ಬಿಟ್ಟರೆ ಆ ಲೆಕ್ಕದಲ್ಲಿ ಅದು ಹತ್ತಾಗುತ್ತದೆ. 25 ಲಕ್ಷವೆಂಬುದು ಡಿಸೆಂಬರ್ 31ರ ದಿನಕ್ಕೆ ಹೊರಗಿದ್ದವರದು, ಅದರಲ್ಲಿ ಹಿಂದಿನ ವರ್ಷಗಳಲ್ಲಿ ಹೊರಟು ಇನ್ನೂ ಮರಳದವರೂ ಸೇರಿದ್ದಾರೆ. ಕೆರೆಗೆ ವರ್ಷವಿಡೀ ಹರಿದುಬಂದ ನೀರನ್ನೂ ವರ್ಷದ ಕೊನೆಗೆ ಕೆರೆಯಲ್ಲಿ ನಿಂತ ನೀರನ್ನೂ ನೀವು ಒಂದರಿಂದೊಂದು ಕಳೆಯುತ್ತಿದ್ದೀರಿ.

ನಿಜವಾದ ತೊಡಕು ಬೇರೆ ಇದೆ. ಆ 25 ಲಕ್ಷವೇ ಕಡಿಮೆ ಎಣಿಕೆ, ಇದನ್ನು ಅಂಕಿ ಕೊಡುವವರೇ ಒಪ್ಪುತ್ತಾರೆ. ನಾನು ಕೆಲವು ವರ್ಷ ಪೂರ್ವ ಆಫ್ರಿಕಾದಲ್ಲಿ ಪರಿಹಾರ ಕೆಲಸದಲ್ಲಿದ್ದವನು, ಎಣಿಕೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದ್ದೇನೆ. ಅಂತರರಾಷ್ಟ್ರೀಯ ವಲಸೆ ಸಂಸ್ಥೆಯು 2004ರಲ್ಲಿ ಇರಾಕಿನಲ್ಲಿ ಆರಂಭಿಸಿದ ಒಂದು ವ್ಯವಸ್ಥೆ ಇಂದು ಆಫ್ರಿಕಾದ ಹಲವಾರು ದೇಶಗಳಲ್ಲಿದೆ. ಡಿಸ್‌ಪ್ಲೇಸ್‌ಮೆಂಟ್ ಟ್ರ್ಯಾಕಿಂಗ್ ಮ್ಯಾಟ್ರಿಕ್ಸ್, ಅಂದರೆ ಸ್ಥಳಾಂತರದ ಜಾಡು ಹಿಡಿಯುವ ಕೋಷ್ಟಕ ಎಂದು ಅದರ ಹೆಸರು, ಕೆಲಸದವರು ಡಿಟಿಎಂ ಎಂದೇ ಕರೆಯುತ್ತಾರೆ. ಹೆಸರು ಕೇಳಿದವರು ದೊಡ್ಡ ಯಂತ್ರವನ್ನು ಕಲ್ಪಿಸಿಕೊಳ್ಳುತ್ತಾರೆ. ಅದರ ತಳದಲ್ಲಿರುವುದು ಮೋಟಾರ್ ಸೈಕಲ್ಲಿನಲ್ಲಿ ಊರೂರು ತಿರುಗುವ ಒಬ್ಬ ಯುವಕ ಅಥವಾ ಯುವತಿ, ಕೈಯಲ್ಲೊಂದು ಮೊಬೈಲು, ಎದುರಿಗೆ ಊರಿನ ಸುದ್ದಿ ಬಲ್ಲ ಒಬ್ಬ ವ್ಯಕ್ತಿ. ಈಶಾನ್ಯ ನೈಜೀರಿಯಾದ ಬೊರ್ನೊದಲ್ಲಾದರೆ ಆತ ಬುಲಾಮಾ, ಮೊಜಾಂಬಿಕ್‌ನಲ್ಲಾದರೆ ರೆಗುಲು, ಮಲಾವಿಯಲ್ಲಾದರೆ ಗ್ರಾಮದ ಮುಖ್ಯಸ್ಥ. ಎಷ್ಟು ಕುಟುಂಬ ಬಂದಿವೆ, ಎಲ್ಲಿಂದ ಬಂದವು, ಯಾವ ತಿಂಗಳು, ಯಾವ ಕಾರಣಕ್ಕೆ, ಎಷ್ಟು ಮಂದಿ ಹಿಂದಿರುಗಿದರು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಗುಡಿಸಲುಗಳನ್ನೊಮ್ಮೆ ಸುತ್ತಿ ನೋಡಿ, ಶಾಲೆಯವರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ವಿಚಾರಿಸಿ ತಾಳೆ ನೋಡುತ್ತಾರೆ. ಕೆಲವು ತಿಂಗಳಿಗೊಮ್ಮೆ ಅದೇ ಸುತ್ತು ಮತ್ತೆ ನಡೆಯುತ್ತದೆ.

ಹಠಾತ್ತನೆ ಬರುವ ವಿಕೋಪದಲ್ಲಿ ಇಷ್ಟಕ್ಕೂ ಸಮಯವಿರುವುದಿಲ್ಲ. ಆಗ ಸರ್ಕಾರ ತೆರೆದ ಕೇಂದ್ರಗಳಲ್ಲಿರುವವರ ಪಟ್ಟಿ ಸಿಗುತ್ತದೆ. ನಮ್ಮಲ್ಲಿ ಕಾಳಜಿ ಕೇಂದ್ರಗಳೆನ್ನುತ್ತಾರಲ್ಲ, ಅಲ್ಲಿ ಬಹುಮಟ್ಟಿಗೆ ಶಾಲೆಯೇ ಆ ಕೇಂದ್ರ. ಪಟ್ಟಿಯೂ ಸಿಗದಿದ್ದರೆ ನೆಲಸಮವಾದ ಮನೆಗಳ ಸಂಖ್ಯೆಯನ್ನು ಕುಟುಂಬದ ಸರಾಸರಿ ಗಾತ್ರದಿಂದ ಗುಣಿಸುತ್ತಾರೆ. 2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ಮಲಾವಿಯ ದಕ್ಷಿಣ ಭಾಗವನ್ನು ಅಳಿಸಿಹಾಕಿದಾಗ ಸುಮಾರು 6.59 ಲಕ್ಷ ಜನ ನೆಲೆ ಕಳೆದುಕೊಂಡರು ಎಂಬ ಅಂಕಿ ಬಂತು. ಶಾಲೆಯಲ್ಲಿ ಜನರಿದ್ದರೆ ಪಾಠ ನಡೆಯದು, ಆದ್ದರಿಂದ ಆಡಳಿತಕ್ಕೆ ಕೇಂದ್ರ ಮುಚ್ಚುವ ಆತುರವಿರುತ್ತದೆ. ಮುಚ್ಚಿದ ದಿನವೇ ಪಟ್ಟಿಯೂ ಮುಚ್ಚುತ್ತದೆ. ಅಲ್ಲಿಂದ ಎದ್ದವರು ಗೋಡೆಯಿಲ್ಲದ ಮನೆಗೆ ಹೋದರೋ, ಅಣ್ಣನ ಮನೆಯ ಜಗಲಿಗೆ ಹೋದರೋ, ಬ್ಲಾಂಟೈರ್ ಪಟ್ಟಣದ ಬಾಡಿಗೆ ಕೋಣೆಗೆ ಹೋದರೋ ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಲೆಕ್ಕದಲ್ಲಿ ಕಾಣೆಯಾದವರು ಬಹುಪಾಲು ಇಂಥವರೇ.

ನಕ್ಷೆಗಾರ್ತಿ

ಪೂರ್ವದಂಡೆಯವರು ಹೇಳಿದ್ದಕ್ಕೆ ನನ್ನ ಸಣ್ಣ ಅನುಭವವನ್ನು ಸೇರಿಸುತ್ತೇನೆ. 2019ರ ಮಾರ್ಚ್ 14ರ ರಾತ್ರಿ ಇಡಾಯಿ ಚಂಡಮಾರುತ ಮೊಜಾಂಬಿಕ್‌ನ ಬೈರಾ ನಗರದ ಬಳಿ ನೆಲ ಮುಟ್ಟಿದ ನಂತರದ ವಾರಗಳಲ್ಲಿ, ಪ್ರಪಂಚದ ಹಲವು ಕಡೆಯ ಸ್ವಯಂಸೇವಕರಂತೆ ನಾನೂ ಬೆಂಗಳೂರಿನಲ್ಲಿ ಕುಳಿತು, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ಪ್ರಾಂತ್ಯದ ಮನೆಗಳನ್ನೂ ಕಾಲುದಾರಿಗಳನ್ನೂ ಗುರುತಿಸಿದೆ. ಮೋಡ ಕವಿದಿರುವಾಗ ಸಾಮಾನ್ಯ ಉಪಗ್ರಹ ಚಿತ್ರ ಉಪಯೋಗಕ್ಕೆ ಬರುವುದಿಲ್ಲ. ಯುರೋಪಿನ ಸೆಂಟಿನೆಲ್-1ರಂತಹ ರೇಡಾರ್ ಉಪಗ್ರಹಗಳು ಮೋಡದ ಮೂಲಕವೂ ನೀರನ್ನು ಕಾಣಬಲ್ಲವು. ಬೂಜಿ ನದಿಯ ಬಯಲು ಆ ಚಿತ್ರಗಳಲ್ಲಿ ಸಮುದ್ರದ ಹಾಗೆ ಕಾಣುತ್ತಿತ್ತು. ನೀರಿನ ಹರವಿನ ಮೇಲೆ ನಾವು ಗುರುತಿಸಿದ ಮನೆಗಳನ್ನಿಟ್ಟು, ಜನಸಂಖ್ಯೆಯ ಅಂದಾಜನ್ನು ಸೇರಿಸಿದರೆ ಒಂದು ಸಂಖ್ಯೆ ಸಿಗುತ್ತದೆ.

ಆದರೆ ಅದು ನೀರಿಗೆ ಸಿಕ್ಕವರ ಸಂಖ್ಯೆ. ಅವರಲ್ಲಿ ಹೊರಟವರು ಯಾರು, ದಿಬ್ಬದ ಮೇಲೆ ನಾಲ್ಕು ದಿನ ಕುಳಿತು ಮನೆಗೆ ಇಳಿದವರು ಯಾರು ಎಂಬುದನ್ನು ಉಪಗ್ರಹ ಹೇಳದು. ಪತ್ರಿಕೆಗಳಲ್ಲಿ ಇವೆರಡೂ ಒಂದೇ ಎಂಬಂತೆ ಅಚ್ಚಾಗುತ್ತವೆ, ನನಗೆ ಇದು ಬಹಳ ಕಿರಿಕಿರಿ ಉಂಟುಮಾಡುವ ವಿಷಯ.

ಮೊಬೈಲ್ ಗೋಪುರಗಳ ದಾಖಲೆಯಿಂದ ಜನರ ಜಾಡು ಹಿಡಿಯಬಹುದು ಎಂಬ ವಾದವೂ ಇದೆ. 2010ರ ಹೈಟಿ ಭೂಕಂಪದ ನಂತರ ಆ ವಿಧಾನ ಚೆನ್ನಾಗಿ ಕೆಲಸ ಮಾಡಿತು, ನಿಜ. ಆದರೆ ಬೈರಾದಲ್ಲಿ ಗಾಳಿಗೆ ಗೋಪುರಗಳೇ ನೆಲಕಚ್ಚಿದ್ದವು. ಇಡೀ ಮನೆಗೆ ಒಂದೇ ಫೋನು, ಅದೂ ಗಂಡಸಿನ ಜೇಬಿನಲ್ಲಿರುವ ಊರುಗಳಲ್ಲಿ ಗೋಪುರ ತೋರಿಸುವುದು ಆ ಗಂಡಸಿನ ಜಾಡನ್ನು ಮಾತ್ರ. ಹೆಂಡತಿ ಮಕ್ಕಳು ಶಿಬಿರದಲ್ಲಿದ್ದು ಆತ ದುಡಿಮೆಗೆ ಪೇಟೆಗೆ ಹೋದರೆ ನಮ್ಮ ನಕ್ಷೆಯಲ್ಲಿ ಇಡೀ ಕುಟುಂಬ ಪೇಟೆಗೆ ಹೋಗಿರುತ್ತದೆ.

ಬಯಲುಸೀಮೆ

ನೀವೆಲ್ಲ ನೀರಿನ ಮಾತಾಡುತ್ತಿದ್ದೀರಿ. ನೀರಿಗೆ ಒಂದು ತಾರೀಖು ಇರುತ್ತದೆ, ಬರಕ್ಕೆ ಇರುವುದಿಲ್ಲ. ನಮ್ಮ ಕಡೆ ಗುಳೆ ಎಂಬ ಮಾತಿದೆ. ಮಳೆ ಹೋದ ವರ್ಷ ಬೀಗ ಹಾಕಿದ ಮನೆಗಳ ಓಣಿಯಲ್ಲಿ ಬೆಳೆದ ನನಗೆ, ಗುಳೆ ಹೋದವರನ್ನು ಸ್ಥಳಾಂತರಗೊಂಡವರು ಎನ್ನಬೇಕೋ ದುಡಿಯಲು ಹೋದವರು ಎನ್ನಬೇಕೋ ಎಂಬುದು ಇಂದಿಗೂ ಬಗೆಹರಿದಿಲ್ಲ. ಸೊಮಾಲಿಯಾದ ಕಥೆಯನ್ನು ಓದುವಾಗ ಅದೇ ಪ್ರಶ್ನೆ ಎದ್ದಿತು.

ಅಲ್ಲಿ ಏಪ್ರಿಲಿನಿಂದ ಜೂನ್‌ವರೆಗಿನ ಮಳೆಗಾಲ ಗೂ, ಅಕ್ಟೋಬರಿನಿಂದ ಡಿಸೆಂಬರಿನದು ದೇಯರ್. 2020ರ ಕೊನೆಯಿಂದ ಹಿಡಿದು ಸತತ ಐದು ಮಳೆಗಾಲ ಕೈಕೊಟ್ಟವು. 2021ರ ಜನವರಿಯಿಂದ ಲೆಕ್ಕ ಹಾಕಿದರೆ 2022ರ ಆಗಸ್ಟಿನ ಹೊತ್ತಿಗೆ ಬರದಿಂದ ಮನೆ ಬಿಟ್ಟವರು ಹತ್ತು ಲಕ್ಷ ದಾಟಿದರು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ ನಾರ್ವೆಯ ನಿರಾಶ್ರಿತರ ಪರಿಷತ್ತೂ ಹೇಳಿದವು. ದಾರಿಯ ಕೂಡುಗಳಲ್ಲಿ, ಶಿಬಿರಗಳ ಬಾಗಿಲಲ್ಲಿ ನಿಂತು ಬಂದವರನ್ನು ವಿಚಾರಿಸಿ ಬರೆದುಕೊಳ್ಳುವ ಒಂದು ಜಾಲ ಅವರಿಗಿದೆ.

ಈಗ ಒಬ್ಬ ಒಂಟೆ–ಮೇಕೆ ಸಾಕುವವನನ್ನು ನೆನೆಯಿರಿ. ಹುಲ್ಲು ನೀರು ಹುಡುಕುತ್ತ ನೂರಾರು ಮೈಲಿ ನಡೆಯುವುದು ಆತನ ಕಸುಬು, ಅದು ಸ್ಥಳಾಂತರವಲ್ಲ. ಮೊದಲ ಮಳೆ ಹೋದಾಗ ದೂರ ನಡೆದ, ಎರಡನೆಯದು ಹೋದಾಗ ಇನ್ನೂ ದೂರ ನಡೆದ, ಮೂರನೆಯದಕ್ಕೆ ಮೇಕೆಗಳು ಸತ್ತವು, ನಾಲ್ಕನೆಯದಕ್ಕೆ ಒಂಟೆಗಳು. ಬರಿಗೈಯಲ್ಲಿ ಬೈದೋವಾ ಪಟ್ಟಣದ ಅಂಚಿಗೆ ಬಂದು ಬಟ್ಟೆ ಕಡ್ಡಿಗಳ ಗೂಡು ಕಟ್ಟಿಕೊಂಡ ದಿನ ಪುಸ್ತಕದಲ್ಲಿ ಸ್ಥಳಾಂತರವಾಯಿತು. ಆತ ತನ್ನ ಬದುಕಿನ ನೆಲೆಯನ್ನು ಕಳೆದುಕೊಂಡು ಆಗಲೇ ಒಂದು ವರ್ಷವಾಗಿತ್ತು, ಅದನ್ನು ಎಣಿಸಲು ಅಡವಿಯಲ್ಲಿ ಯಾರೂ ಇರಲಿಲ್ಲ. ಬೈದೋವಾ ಇರುವ ಬೇ ಪ್ರಾಂತ್ಯ ಆ ದೇಶದ ಜೋಳದ ಕಣಜ. ಜೋಳ ಬೆಳೆಯುವ ರೈತ ಅಷ್ಟು ದೂರ ನಡೆಯದೆ ಬೇಗ ಲೆಕ್ಕಕ್ಕೆ ಸಿಗುತ್ತಾನೆ. ಕುರಿಗಾಹಿ ತಡವಾಗಿ ಸಿಗುತ್ತಾನೆ.

ಮತ್ತೆ ಸಿಗದೇ ಹೋದವರಿದ್ದಾರೆ. 2022ನೇ ಇಸವಿಯೊಂದರಲ್ಲೇ ಆ ಬರದಿಂದ 43,000 ಹೆಚ್ಚುವರಿ ಸಾವುಗಳಾಗಿರಬಹುದು, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳಾಗಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಪ್ರಕಟಿಸಿದ ಅಧ್ಯಯನವೊಂದು ಅಂದಾಜು ಮಾಡಿತು. ನಡೆಯಲು ಶಕ್ತಿಯಿಲ್ಲದವರು, ವಾಹನಕ್ಕೆ ಕೊಡಲು ಕಾಸಿಲ್ಲದವರು ಹೊರಡುವುದೇ ಇಲ್ಲ. ಹೊರಟವರ ಪಟ್ಟಿಯಲ್ಲಿ ಅವರನ್ನು ಹುಡುಕಿ ಫಲವಿಲ್ಲ.

ಕೊಡಚಾದ್ರಿ

ಒಂದು ಸಂದೇಹ. ಇವೆಲ್ಲವನ್ನೂ ಹವಾಮಾನ ಬದಲಾವಣೆಯ ಖಾತೆಗೆ ಬರೆಯುವುದು ಸರಿಯೇ? ಬರ, ನೆರೆ ಎಂದೂ ಇದ್ದವು. ಯಾವುದೇ ಆಡಳಿತದ ಸೋಲನ್ನು ಆಕಾಶದ ಮೇಲೆ ಹಾಕಿ ಕೈತೊಳೆದುಕೊಳ್ಳಲು ಇದೊಂದು ಸುಲಭದ ದಾರಿಯಾಗಿದೆ ಎಂದು ನನಗನ್ನಿಸುತ್ತದೆ.

ನಕ್ಷೆಗಾರ್ತಿ

ಕೊಡಚಾದ್ರಿಯವರೇ, ನಿಮ್ಮ ಸಂದೇಹದಲ್ಲಿ ಹುರುಳಿದೆ, ಆದರೆ ಉತ್ತರ ಒಂದೇ ಅಲ್ಲ. ಒಂದೊಂದು ಘಟನೆಯಲ್ಲಿ ಭೂಮಿಯ ತಾಪ ಏರಿದ್ದರ ಪಾಲೆಷ್ಟು ಎಂದು ಲೆಕ್ಕ ಹಾಕುವ ವಿಜ್ಞಾನಿಗಳ ಒಂದು ಜಾಲವಿದೆ, ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂದು. ಬಯಲುಸೀಮೆಯವರು ಹೇಳಿದ ಆಫ್ರಿಕಾದ ಕೊಂಬಿನ, ಅಂದರೆ ಸೊಮಾಲಿಯಾ ಮತ್ತು ಅದರ ನೆರೆಯ ದೇಶಗಳ, ಬರದ ಬಗ್ಗೆ ಅವರು 2023ರ ಏಪ್ರಿಲಿನಲ್ಲಿ ಹೇಳಿದ್ದು ಹೀಗೆ: ಮಳೆ ಕಡಿಮೆಯಾದದ್ದಷ್ಟೇ ಕಾರಣವಲ್ಲ, ಏರಿದ ಬಿಸಿಲು ನೆಲದ ಮತ್ತು ಗಿಡದ ತೇವವನ್ನು ಹೀರಿದ್ದರಿಂದ ಬೆಳೆಗೆ ತಗುಲುವ ಅಂಥ ಬರದ ಸಾಧ್ಯತೆ ಸುಮಾರು ನೂರು ಪಟ್ಟು ಹೆಚ್ಚಿತು. ಅದೇ ಜಾಲ 2021ರ ಡಿಸೆಂಬರಿನಲ್ಲಿ ದಕ್ಷಿಣ ಮಡಗಾಸ್ಕರಿನ ಬರದ ಬಗ್ಗೆ ಬೇರೆಯೇ ಮಾತು ಹೇಳಿತು. ಹವಾಮಾನ ಬದಲಾವಣೆಯೇ ತಂದ ಹಸಿವು ಎಂದು ವಿಶ್ವಸಂಸ್ಥೆಯ ಕಡೆಯಿಂದ ಬಲವಾದ ಪ್ರಚಾರ ನಡೆದಿದ್ದರೂ, ಅಲ್ಲಿನ ಮಳೆಯ ಕೊರತೆಯಲ್ಲಿ ಅದರ ಪಾಲು ಎದ್ದು ಕಾಣುವಷ್ಟಿಲ್ಲವೆಂದು ಅವರು ಬರೆದರು.

ಇನ್ನು ನೈಜೀರಿಯಾದ 2022ರ ನೆರೆ. 600ಕ್ಕೂ ಹೆಚ್ಚು ಜನ ಸತ್ತರು, 24 ಲಕ್ಷ ಸ್ಥಳಾಂತರಗಳು ದಾಖಲಾದವು, ನೈಜರ್ ಮತ್ತು ಬೆನುಯೆ ನದಿಗಳು ಕೂಡುವ ಲೊಕೋಜ ಪಟ್ಟಣ ಮುಳುಗಿತು. ಆ ವರ್ಷದ ಮಳೆಯ ಸಾಧ್ಯತೆಯನ್ನು ಹವಾಮಾನ ಬದಲಾವಣೆ ಸುಮಾರು 80 ಪಟ್ಟು ಹೆಚ್ಚಿಸಿತ್ತು ಎಂದು ಅಧ್ಯಯನ ಹೇಳುತ್ತದೆ. ಹಾಗೆಂದು ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೇಲೆ ಕ್ಯಾಮರೂನಿನ ಲಾಗ್ಡೊ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಆ ನೀರನ್ನು ತಡೆಯಲೆಂದು ಕೆಳಗೆ ಅಡಮಾವ ಪ್ರಾಂತ್ಯದಲ್ಲಿ ನೈಜೀರಿಯಾ ಕಟ್ಟಬೇಕಿದ್ದ ದಾಸಿನ್ ಹೌಸಾ ಅಣೆಕಟ್ಟು ದಶಕಗಳ ನಂತರವೂ ಎದ್ದಿರಲಿಲ್ಲ. ಆದ್ದರಿಂದಲೇ ಎಣಿಕೆಯವರು ತಮ್ಮ ನಮೂನೆಯಲ್ಲಿ ಹವಾಮಾನ ಬದಲಾವಣೆ ಎಂಬ ಕಾರಣವನ್ನು ಬರೆಯದೆ ನೆರೆ, ಬರ, ಬಿರುಗಾಳಿ ಎಂದಷ್ಟೇ ಬರೆಯುವುದು. ಅದು ಜಾಣತನವೆಂದೇ ನನ್ನ ಭಾವನೆ.

ಪೂರ್ವದಂಡೆ

ನೆರೆ, ಬರ ಎಂದು ಬರೆಯುವುದೂ ಅಷ್ಟು ಸುಲಭವಲ್ಲ. ನಮೂನೆಯಲ್ಲಿ ಮುಖ್ಯ ಕಾರಣ ಎಂದು ಒಂದೇ ಅಂಕಣವಿರುತ್ತದೆ. ಬೈದೋವಾಕ್ಕೆ ಬಂದ ತಾಯಿಯೊಬ್ಬಳು ಬೆಳೆ ಒಣಗಿದ್ದನ್ನೂ ಹೇಳುತ್ತಾಳೆ, ಇದ್ದಷ್ಟು ಕಾಳಿನಲ್ಲಿ ಉಗ್ರ ಗುಂಪಾದ ಅಲ್-ಶಬಾಬ್‌ನವರು ಕಂದಾಯ ವಸೂಲಿ ಮಾಡಿದ್ದನ್ನೂ ಹೇಳುತ್ತಾಳೆ. ಎರಡನೆಯದನ್ನು ಗಟ್ಟಿಯಾಗಿ ಹೇಳಲು ಅಂಜುವವರೂ ಇರುತ್ತಾರೆ, ಆಗ ಅಂಕಣದಲ್ಲಿ ಬರವೇ ಉಳಿಯುತ್ತದೆ.

ಇದರ ತಿರುಗುಮುರುಗು ಉದಾಹರಣೆ ದಕ್ಷಿಣ ಸುಡಾನಿನ ಬೆಂಟಿಯು. ಅಂತರ್ಯುದ್ಧದಿಂದ ಓಡಿಬಂದ ಒಂದು ಲಕ್ಷಕ್ಕೂ ಹೆಚ್ಚು ಜನ ಅಲ್ಲಿನ ಶಿಬಿರದಲ್ಲಿದ್ದರು. 2019ರಿಂದ ವರ್ಷವರ್ಷವೂ ನೆರೆ ಬಂತು, 2021ರಲ್ಲಿ ಬಂದ ನೀರು ಇಳಿಯಲೇ ಇಲ್ಲ. ಸುತ್ತ ಮಣ್ಣಿನ ಒಡ್ಡು ಎಬ್ಬಿಸಿ, ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಪಾಕಿಸ್ತಾನದ ಎಂಜಿನಿಯರುಗಳು ಹಗಲೂ ರಾತ್ರಿ ಅದನ್ನು ಕಾಯ್ದರು. ಒಡ್ಡಿನ ಹೊರಗಿನ ನೀರಿನ ಮಟ್ಟ ಒಳಗಿನ ನೆಲಕ್ಕಿಂತ ಎತ್ತರದಲ್ಲಿತ್ತು. ಒಳಗಿರುವವರು ಮೊದಲ ಪುಟದಲ್ಲಿ ಯುದ್ಧದ ಸಂತ್ರಸ್ತರು. ಯುದ್ಧ ನಿಂತರೂ ಅವರು ಮರಳಬೇಕಾದ ಊರು ನೀರಿನಡಿ ಇದೆ. ಯಾವ ಅಂಕಣದಲ್ಲಿ ಹಾಕುತ್ತೀರಿ?

ನೈಜೀರಿಯಾದ ಮೈದುಗುರಿಯಲ್ಲಿ 2024ರ ಸೆಪ್ಟೆಂಬರ್ 10ರಂದು ಅಲಾವು ಅಣೆಕಟ್ಟು ಒಡೆದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅವರಲ್ಲಿ ಅನೇಕರು ಉಗ್ರ ಗುಂಪಾದ ಬೊಕೊ ಹರಾಮ್‌ಗೆ ಹೆದರಿ ಹಳ್ಳಿ ಬಿಟ್ಟು ಆ ನಗರಕ್ಕೆ ಬಂದವರು. ಬೊರ್ನೊ ಸರ್ಕಾರ 2021ರಿಂದ ನಗರದ ಶಿಬಿರಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿತ್ತು, ನೆರೆ ಬಂದ ಮೇಲೆ ಜನರಿಗಾಗಿ ಮತ್ತೆ ಶಿಬಿರಗಳನ್ನು ತೆರೆಯಬೇಕಾಯಿತು.

ಇನ್ನೊಂದು ವಿಷಯ, ಸ್ವಲ್ಪ ಕಹಿ. ಸೊಮಾಲಿಯಾದ ರಾಜಧಾನಿ ಮೊಗದಿಶುವಿನ ಶಿಬಿರಗಳಲ್ಲಿ ಜಾಗದ ಮೇಲೆ ಹಿಡಿತವಿರುವ ದಲ್ಲಾಳಿಗಳಿದ್ದಾರೆ, ಜನ ಅವರನ್ನು ಮುಕುಲಾಲ್ ಮದೋವ್, ಅಂದರೆ ಕರಿ ಬೆಕ್ಕುಗಳು ಎನ್ನುತ್ತಾರೆ. ನೆಲಕ್ಕೆ, ನೀರಿಗೆ, ಕಾವಲಿಗೆ ಎಂದು ಬಂದ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ತಲೆ ಹೆಚ್ಚಾದಷ್ಟೂ ಪಾಲು ಹೆಚ್ಚು, ಆದ್ದರಿಂದ ಅವರು ಹೇಳುವ ಸಂಖ್ಯೆ ಉಬ್ಬಿರುತ್ತದೆ, ಯಾರೂ ಮಲಗದ ಗೂಡುಗಳೂ ಎದ್ದಿರುತ್ತವೆ. ಮಾಹಿತಿ ಕೊಡುವವನಿಗೆ ಆ ಮಾಹಿತಿಯಿಂದ ಲಾಭವಿದ್ದರೆ ಏನಾಗುತ್ತದೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಿಲ್ಲ. ಹಾಗೆಂದು ಅವರನ್ನು ಬಿಟ್ಟು ಕೆಲಸ ನಡೆಯದು. ಬಂದವರಿಗೆ ಮೊದಲ ರಾತ್ರಿ ಜಾಗ ಕೊಟ್ಟವರೂ ಎಷ್ಟೋ ಸಲ ಅವರೇ.

ಕಾನೂನು ಕಟ್ಟೆ

ಎಣಿಸುವುದು ಯಾರ ಹೊಣೆ ಎಂಬ ಪ್ರಶ್ನೆಗೆ ಆಫ್ರಿಕಾದಲ್ಲಿ ಬರೆದಿಟ್ಟ ಉತ್ತರವೇ ಇದೆ. ಆಫ್ರಿಕಾ ಒಕ್ಕೂಟವು 2009ರ ಅಕ್ಟೋಬರ್ 23ರಂದು ಅಂಗೀಕರಿಸಿದ, 2012ರ ಡಿಸೆಂಬರ್ 6ರಂದು ಜಾರಿಗೆ ಬಂದ ಕಂಪಾಲಾ ಒಡಂಬಡಿಕೆಯು ದೇಶದೊಳಗೆ ನೆಲೆ ತಪ್ಪಿದವರ ಬಗ್ಗೆ ಇಡೀ ಖಂಡವನ್ನು ಒಳಗೊಳ್ಳುವಂತೆ ಬಂದ ಮೊದಲ ಬದ್ಧ ಕಾನೂನು. ಅದರ 5ನೇ ವಿಧಿ ಹವಾಮಾನ ಬದಲಾವಣೆಯನ್ನು ಹೆಸರಿಸಿಯೇ ಹೇಳುತ್ತದೆ. 13ನೇ ವಿಧಿ, ಸದಸ್ಯ ದೇಶಗಳು ತಮ್ಮಲ್ಲಿನ ಇಂಥವರೆಲ್ಲರ ದಾಖಲೆಯನ್ನು ರಚಿಸಿ ಕಾಲಕಾಲಕ್ಕೆ ಪರಿಷ್ಕರಿಸುತ್ತಿರಬೇಕು ಎನ್ನುತ್ತದೆ. ಅಂದರೆ ಹೊಣೆ ಸರ್ಕಾರದ್ದು. ಪ್ರಾಯೋಗಿಕವಾಗಿ ಆ ದಾಖಲೆ ಇರುವುದು ಬಹುಪಾಲು ಹೊರಗಿನ ಸಂಸ್ಥೆಗಳ ಗಣಕಯಂತ್ರಗಳಲ್ಲಿ.

ಇಲ್ಲೇ ನನ್ನ ಆತಂಕವಿರುವುದು. ಬುಲಾಮಾನನ್ನು ಕೇಳಿ ಇಷ್ಟು ಕುಟುಂಬ ಎಂದು ಬರೆಯುವುದು ಒಂದು. ಪಡಿತರಕ್ಕೆಂದು ಒಬ್ಬೊಬ್ಬರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ತೆಗೆದು ಹೆಸರಿನೊಂದಿಗೆ ಇಡುವುದು ಇನ್ನೊಂದು. ಮೇಷ್ಟ್ರು ಕೇಳಿದ ಪ್ರಶ್ನೆಗೆ, ಅಂದರೆ ಹೊರಟವರು ಆಮೇಲೆ ಎಲ್ಲಿಗೆ ಹೋದರು ಎಂಬುದಕ್ಕೆ, ಖಚಿತ ಉತ್ತರ ಬೇಕಾದರೆ ಎರಡನೆಯ ಬಗೆಯ ದಾಖಲೆಯೇ ಬೇಕಾಗುತ್ತದೆ. ಆದರೆ 2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಕಡತಗಳಿಗೇ ಕನ್ನ ಬಿತ್ತು. ಯುದ್ಧ, ವಲಸೆ, ವಿಕೋಪಗಳಲ್ಲಿ ತಮ್ಮವರಿಂದ ಅಗಲಿದ 5.15 ಲಕ್ಷಕ್ಕೂ ಹೆಚ್ಚು ಜನರ ವಿವರ ಅದರಲ್ಲಿತ್ತು. ಬೊರ್ನೊದಂಥ ಕಡೆ ಯಾರು ಯಾವ ಊರಿನಿಂದ ಬಂದರು ಎಂಬ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಏನಾದೀತು ಎಂದು ಯೋಚಿಸಿ. ಅನ್ನ ಬೇಕಾದರೆ ಬೆರಳು ಒತ್ತು ಎನ್ನುವಲ್ಲಿ ಒಪ್ಪಿಗೆ ಎಂಬ ಮಾತಿಗೆ ಅರ್ಥವೂ ಉಳಿಯದು. ಜಾಡು ಹಿಡಿಯುವುದರಿಂದ ಜನರಿಗೆ ಒಳಿತಾಗುತ್ತದೆಂದು ಮೊದಲೇ ಒಪ್ಪಿಕೊಂಡು ಮಾತಾಡುವವರೊಡನೆ ನನಗೆ ಸಹಮತವಿಲ್ಲ.

ಪೂರ್ವದಂಡೆ

ಒಪ್ಪುತ್ತೇನೆ. ಡಿಟಿಎಂನ ಪ್ರಕಟಿತ ಸುತ್ತುಗಳಲ್ಲಿ ಹೆಸರುಗಳಿರುವುದಿಲ್ಲ, ಊರು ಮತ್ತು ಕುಟುಂಬಗಳ ಸಂಖ್ಯೆ ಮಾತ್ರ. ಆ ಎಚ್ಚರದ ಬೆಲೆ ಏನೆಂದರೆ, ಒಂದೇ ಕುಟುಂಬವನ್ನು ವರ್ಷಗಳ ಕಾಲ ಹಿಂಬಾಲಿಸಲು ಆಗುವುದಿಲ್ಲ. ನಾನಾದರೆ ಆ ಬೆಲೆ ತೆರುತ್ತೇನೆ.

ಹಿಂಬಾಲಿಸಿದ್ದರೆ ಏನು ಕಾಣುತ್ತಿತ್ತು ಎಂಬುದಕ್ಕೆ ಬೂಜಿ ನದಿಯ ಕಥೆ ಸಾಕು. ಇಡಾಯಿಯ ನಂತರ ಸೊಫಾಲಾ ಪ್ರಾಂತ್ಯದ ತಗ್ಗಿನ ಜನರಿಗೆ ಸರ್ಕಾರ ಎತ್ತರದ ನೆಲದಲ್ಲಿ ನಿವೇಶನ ಕೊಟ್ಟಿತು. ನೆಲ ಎತ್ತರದಲ್ಲಿತ್ತು, ಆದರೆ ಮಚಂಬಾ, ಅಂದರೆ ಅವರ ಹೊಲ, ನದಿಯ ಮಗ್ಗುಲಲ್ಲೇ ಉಳಿಯಿತು. ಅಜ್ಜಿ ಮಕ್ಕಳು ಮೇಲೆ, ದುಡಿಯುವವರು ವಾರಗಟ್ಟಲೆ ಕೆಳಗೆ. 2021ರ ಜನವರಿ 23ರಂದು ಎಲೋಯಿಸ್ ಚಂಡಮಾರುತ ಅದೇ ಬೈರಾದ ಬಳಿ ಬಂದಾಗ ಮೇಲಿನ ಡೇರೆಗಳೂ ಹರಿದವು, ಕೆಳಗಿನ ಹೊಲಗಳೂ ಮುಳುಗಿದವು. ಆ ಕುಟುಂಬ ಪುನರ್ವಸತಿ ಪಡೆದದ್ದೇ, ಮರಳಿದ್ದೇ, ಮತ್ತೆ ಸ್ಥಳಾಂತರಗೊಂಡದ್ದೇ? ಮೂರೂ ಹೌದು. ಸ್ಥಳಾಂತರ ಮುಗಿಯುವುದು ಮನೆ ಸೇರಿದಾಗಲ್ಲ, ಸ್ಥಳಾಂತರದಿಂದಾದ ಕೊರತೆಗಳು ತೀರಿದಾಗ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳು ಒಪ್ಪಿದ 2010ರ ಚೌಕಟ್ಟು ಹೇಳುತ್ತದೆ. ಅದನ್ನು ಅಳೆಯಲು ಹಣ ಕೊಡುವವರು ಕಡಿಮೆ. ಇತ್ತೀಚೆಗಂತೂ ಮೂಲ ಮಾಹಿತಿಗೇ ಕುತ್ತು ಬಂದಿದೆ: ಇಥಿಯೋಪಿಯಾದ ಕ್ಷಾಮದ ನಂತರ 1985ರಲ್ಲಿ ಅಮೆರಿಕ ಆರಂಭಿಸಿದ ಕ್ಷಾಮ ಮುನ್ಸೂಚನಾ ಜಾಲ ಫ್ಯೂಸ್‌ನೆಟ್ 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವು ತಡೆಹಿಡಿದಾಗ ತಿಂಗಳುಗಟ್ಟಲೆ ಮುಚ್ಚಿತ್ತು.

ಅಂಕಿಮೇಷ್ಟ್ರು

ಎಲ್ಲರಿಗೂ ವಂದನೆಗಳು. ಕಳೆಯುವ ಲೆಕ್ಕವನ್ನು ಅಭ್ಯಾಸದಿಂದ ತೆಗೆದಿದ್ದೇನೆ. ಬದಲಿಗೆ ಒಂದೇ ಕುಟುಂಬದ ಐದು ವರ್ಷದ ಕಲ್ಪಿತ ದಿನಚರಿಯನ್ನು ಕೊಟ್ಟು, ಅದು ಯಾವ ದಿನ ಯಾವ ಪಟ್ಟಿಯಲ್ಲಿ ಸೇರುತ್ತದೆ, ಯಾವ ದಿನ ಯಾವ ಪಟ್ಟಿಯಿಂದ ಜಾರುತ್ತದೆ ಎಂದು ಗುರುತಿಸಲು ಹೇಳುತ್ತೇನೆ. ಬಯಲುಸೀಮೆಯವರ ಕುರಿಗಾಹಿಯನ್ನು ಎರವಲು ಪಡೆಯುತ್ತಿದ್ದೇನೆ. ಇನ್ನೊಂದು ಕೋರಿಕೆ: ನಕ್ಷೆ ಗುರುತಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳೂ ಮಾಡಬಹುದೇ?

ನಕ್ಷೆಗಾರ್ತಿ

ಖಂಡಿತ ಮಾಡಬಹುದು ಮೇಷ್ಟ್ರೇ, ಇಂಟರ್ನೆಟ್ ಮತ್ತು ತಾಳ್ಮೆ ಇದ್ದರೆ ಸಾಕು. ಮೊದಲ ದಿನ ಎಲ್ಲರೂ ಮಾಡುವ ತಪ್ಪೊಂದನ್ನು ಮಾತ್ರ ಮುಂಚೆಯೇ ಹೇಳಿಬಿಡಿ. ಮೇಲಿನಿಂದ ನೋಡಿದಾಗ ಹುಲ್ಲಿನ ಮಾಡಿನ ಗುಡಿಸಲು ಒಂದು ದುಂಡು ಚುಕ್ಕೆಯಾಗಿ ಕಾಣುತ್ತದೆ, ಪಕ್ಕದಲ್ಲಿ ಅದಕ್ಕಿಂತ ಚಿಕ್ಕ ದುಂಡು ಚುಕ್ಕೆಯೊಂದಿರುತ್ತದೆ. ಅದು ಕಾಳಿನ ಕಣಜ. ನಾನು ಮೊದಲ ಸಂಜೆ ಕಣಜಗಳನ್ನೆಲ್ಲ ಮನೆಯೆಂದು ಗುರುತಿಸಿ, ಪರಿಶೀಲಿಸಿದವರಿಂದ ನನ್ನ ಪಾಲಿನ ನಕ್ಷೆಯ ಇಡೀ ಚೌಕವನ್ನು ವಾಪಸು ಪಡೆದಿದ್ದೆ.